ಎರಡು ಬಕೆಟ್ ನೀರು

ಅಮೆರಿಕದ ನಮ್ಮ ನೇಪರ್‌ವಿಲ್‌ನಲ್ಲಿ ಚಳಿಗಾಲದಲ್ಲಿ ಹೊಸಿಲು ತೊಳೆಯುವ ಹಾಗಿಲ್ಲ. ಮನೆ ಕೊಂಡ ವರ್ಷ, ಧನುರ್ಮಾಸ ಅಲ್ಲವೇ ಎಂಬ ಹುಮ್ಮಸ್ಸಿನಲ್ಲಿ ಬಾಗಿಲಿಗೆ ಒಂದು ತಂಬಿಗೆ ನೀರು ಹಾಕಿಬಿಟ್ಟೆ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ರಂಗೋಲಿ ಡಬ್ಬಿ ಹುಡುಕಿ ತರುವಷ್ಟರಲ್ಲಿ ಮೆಟ್ಟಿಲ ಮೇಲೆ ಐಸ್ ಕಟ್ಟಿತ್ತು, ಪಾರ್ಸೆಲ್ ತಂದವನು ಅದರ ಮೇಲೆ ಜಾರಿ ಕೂತಿದ್ದ. ಅಂದಿನಿಂದ ಒದ್ದೆ ಪೇಪರ್ ಟವೆಲ್‌ನಲ್ಲಿ ಒರೆಸಿ, ಸ್ಟಿಕರ್ ರಂಗೋಲಿ ಅಂಟಿಸಿ, ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಬಂದಿದ್ದೇನೆ.

ಹಾಗಾಗಿ ಡಿಸೆಂಬರ್ ರಜೆಗೆ ಮೈಸೂರಿಗೆ ಹೋದವಳು, ಹೈಸ್ಕೂಲಿನ ಮಗಳನ್ನು ಕರೆದುಕೊಂಡು ಜೈಸಲ್ಮೇರ್ ನೋಡಲು ಹೋದಾಗ, ಕೋಟೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನಾವು ಇಳಿದುಕೊಂಡ ಮನೆಯ ಹೊಸಿಲು. ಹಳದಿ ಕಲ್ಲು, ತುಳಿದು ತುಳಿದು ನುಣುಪಾದದ್ದು. ಕೋಟೆಯೆಂದರೆ ಟಿಕೆಟ್ ಕೊಂಡು ಒಳಹೊಕ್ಕು ಸಂಜೆ ಐದಕ್ಕೆ ಹೊರಬೀಳುವ ಜಾಗ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಕೋಟೆಯೊಳಗೇ ಸಂಸಾರಗಳು, ನಾವು ಇಳಿದುಕೊಂಡ ಮನೆಯೂ ಅಲ್ಲೇ. ಬುರುಜಿನ ಪಕ್ಕ ಯಾರದೋ ಪೈಜಾಮ ಒಣಗುತ್ತಿತ್ತು. ಮದುವೆಯಾದ ಮನೆಗಳ ಹೊರಗೋಡೆಯ ಮೇಲೆ ಗಣಪತಿಯ ಚಿತ್ರ, ಅದರ ಕೆಳಗೆ ಹುಡುಗ ಹುಡುಗಿಯ ಹೆಸರು. ಲಗ್ನಪತ್ರಿಕೆಯನ್ನು ಅಲ್ಲಿ ಗೋಡೆಗೇ ಬರೆದುಬಿಡುತ್ತಾರೆ.

ಮನೆಯೊಡತಿ ನನ್ನ ವಯಸ್ಸಿನವಳು. ಮಹಡಿಯ ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು ಗಂಡ ಹೆಂಡತಿ ಕೆಳಗೆ ಇದ್ದರು. ನನ್ನ ಬೆಂಗಳೂರು ಹಿಂದಿ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹೊರಗೋಡೆಯ ಮಾಸಿದ ಗಣಪತಿಯನ್ನು ತೋರಿಸಿ, ಅದರ ಕೆಳಗಿನ ಹೆಸರು ತನ್ನದೇ ಎಂದಳು. ಸ್ನಾನಕ್ಕೆ ತಲೆಗೊಂದೇ ಬಕೆಟ್ ಎಂದು ಮೊದಲೇ ಹೇಳಿಬಿಟ್ಟಿದ್ದಳು. ಮರುಭೂಮಿ, ನೀರಿಗೆ ತತ್ವಾರ ಎಂದು ನಾನೂ ಒಪ್ಪಿಕೊಂಡೆ. ಮೂರು ದಿನ ನೋಡಿದೆ. ಹೊಸಿಲನ್ನು ಗುಡಿಸುತ್ತಾಳೆಯೇ ಹೊರತು ಒಂದು ಹನಿ ನೀರು ಹಾಕುವುದಿಲ್ಲ. ಪಾಪ ಅನ್ನಿಸಿತು. ಹೇಗೂ ಮರುದಿನ ಧನುರ್ಮಾಸದ ಶುಕ್ರವಾರ. ನಮ್ಮ ಪಾಲಿನ ನೀರನ್ನೇ ಕೊಟ್ಟರಾಯಿತು ಎಂದು ತೀರ್ಮಾನಿಸಿದೆ.

ಬೆಳಗಿನ ಜಾವ ನನ್ನ ಮತ್ತು ಮಗಳ ಎರಡು ಬಕೆಟ್ ನೀರನ್ನೂ ಹೊಸಿಲಿಗೆ ಸುರಿದು, ಗಸಗಸ ಉಜ್ಜಿ, ಮೈಸೂರಿನಿಂದ ತಂದಿದ್ದ ಪುಡಿಯಲ್ಲಿ ಪದ್ಮದ ರಂಗೋಲಿ ಬಿಟ್ಟೆ. ಎಷ್ಟು ವರ್ಷಗಳ ಮೇಲೆ! ಸೊಂಟ ನೆಟ್ಟಗೆ ಮಾಡಿ ಅದರ ಚೆಂದ ನೋಡುತ್ತಿದ್ದೆ.

ಹಿಂದಿನಿಂದ ಕಿರುಚಿದ ಸದ್ದು. ಮನೆಯೊಡತಿ ಓಡಿಬಂದವಳೇ ಹೊದ್ದಿದ್ದ ಶಾಲನ್ನು ನನ್ನ ರಂಗೋಲಿಯ ಮೇಲೆ ಎಸೆದು, ಮಂಡಿಯೂರಿ ನೀರು ಹೀರಿಸತೊಡಗಿದಳು. ಹಿಂಡಿ ಬಕೆಟ್ಟಿಗೆ ಹಾಕುವುದು, ಮತ್ತೆ ಒರೆಸುವುದು.

"ನೀರು ಯಾಕೆ ಹಾಕಿದ್ರಿ, ದೀದಿ? ಯಾರನ್ನ ಕೇಳಿ ಹಾಕಿದ್ರಿ?"

"ನಮ್ಮ ಸ್ನಾನದ್ದೇ ಕಣಮ್ಮ! ನಿಮ್ಮ ನೀರು ಮುಟ್ಟಿಲ್ಲ!"

ಗಲಾಟೆ ಕೇಳಿ ಮಗಳು ಮಹಡಿಯ ಕಿಟಕಿಯಿಂದ ಬಗ್ಗಿದಳು. "ಅಮ್ಮಾ, ವಾಟ್ ಡಿಡ್ ಯು ಡೂ?"

"ನಂಗೇ ಗೊತ್ತಿಲ್ಲ ಕಣೇ. ಹೋಗಿ ಮಲ್ಕೋ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಮನೆಯೊಡತಿ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ, ಹಿಂಬದಿಯ ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಬಿಟ್ಟಳು. ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಕೋಟೆಯ ಕೆಳಗಿನ ಗುಡ್ಡ ಮೆತ್ತನೆಯದಂತೆ, ಮೇಲೆ ಸುರಿದ ನೀರೆಲ್ಲ ಅದಕ್ಕೆ ಇಳಿಯುತ್ತದಂತೆ. ಪಕ್ಕದ ಮನೆಯ ಹಿಂಗೋಡೆ ಹೋದ ಮಳೆಗಾಲದಲ್ಲಿ ಕುಸಿದಿತ್ತು. ನೀರಿನ ಬರವಲ್ಲ, ನೀರಿನ ಭಯ!

ಬಿರುಕಿಗೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದ್ದರು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಗಾಜು ಒಡೆದ ದಿನ ಕೋಟೆ ಬಿಟ್ಟು ಕೆಳಗಿನ ಹೊಸ ಬಡಾವಣೆಗೆ ಹೋಗುವುದೆಂದು ಗಂಡ ನಿರ್ಧರಿಸಿದ್ದ. ದಿನಾ ಬೆಳಿಗ್ಗೆ ಅದನ್ನು ನೋಡದೆ ಚಹಾ ಕುಡಿಯುತ್ತಿರಲಿಲ್ಲ.

ಗಾಜು ಒಡೆದಿತ್ತು.

"ನನ್ನ ನೀರಿನಿಂದಲಾ?" ಎಂದೆ.

ಅವಳು ಗೊತ್ತಿಲ್ಲವೆಂದು ತಲೆಯಾಡಿಸಿ, ಹಿಟ್ಟಿನ ಡ್ರಮ್ಮಿನ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗೆ ಅಂಟು, ಕತ್ತರಿಸಿಟ್ಟ ಹೊಸ ಗಾಜಿನ ಪಟ್ಟಿಗಳು. ಅವುಗಳ ಕೆಳಗೆ, ಹಳೇ ಬಟ್ಟೆಯಲ್ಲಿ ಸುತ್ತಿದ ಒಡೆದ ಪಟ್ಟಿಗಳು, ನಾಲ್ಕು. ಅಂಗಡಿಯವನಿಂದ ತರಿಸಿಕೊಂಡ ಗಾಜನ್ನು, ಗಂಡ ಹಾಲಿಗೆ ಹೋದ ಹೊತ್ತಿನಲ್ಲಿ ಬದಲಾಯಿಸುತ್ತಾ ಬಂದಿದ್ದಳು.

"ಮೇಲೆ ನನ್ನ ಮಗಳು ಮಲಗಿದಾಳೆ!" ಕನ್ನಡದಲ್ಲೇ ಕೂಗಿದೆ. ಅರ್ಥವಾಗಿರಬೇಕು.

"ಕೆಳಗೆ ನಾನೂ ಮಲಗ್ತೀನಿ, ದೀದಿ. ಇವತ್ತಿನವರೆಗೆ ಬಿದ್ದಿಲ್ಲ. ಇಪ್ಪತ್ತೆಂಟು ವರ್ಷ ಇದ್ದ ಮನೆ. ಅವರಿಗೆ ಹೇಳಬೇಡಿ." ಹೊಸ ಗಾಜನ್ನು ಗೋಡೆಗೆ ಒತ್ತಿ ಹಿಡಿದಿದ್ದಳು.

ಬಾಗಿಲಲ್ಲಿ ಹಾಲಿನ ಕ್ಯಾನಿನ ಸದ್ದಾಯಿತು. ನಾನು ಹೇಳಿಬಿಟ್ಟೆ. ನನ್ನ ಮುರುಕು ಹಿಂದಿಯಲ್ಲಿ ಎಲ್ಲವನ್ನೂ, ಡಬ್ಬಿಯನ್ನೂ. ಆತ ಕ್ಯಾನು ಹಿಡಿದೇ ನೆಲಕ್ಕೆ ಕೂತ. ಅವಳು ಗಂಡನತ್ತ ತಿರುಗಲೂ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾರದೆ ಮಹಡಿ ಹತ್ತಿ, ಮಗಳನ್ನು ಎಬ್ಬಿಸಿ, ಸೂಟ್‌ಕೇಸಿನ ಜಿಪ್ ಕೂಡ ಹಾಕದೆ ಇಳಿದುಬಂದೆ.

ಹೋದ ತಿಂಗಳು ಪಕ್ಕದೂರು ಲೈಲ್‌ನಲ್ಲಿರುವ ನನ್ನ ಆಫೀಸಿನ ಪಾರ್ಕಿಂಗ್‌ನಲ್ಲಿದ್ದಾಗ ಫೋನಿಗೆ ಆ ಮನೆಯೊಡತಿಯಿಂದ ಒಂದು ಫೋಟೋ ಬಂತು. ಹೊಸ ಸಿಮೆಂಟಿನ ಹೊಸಿಲು, ಪಕ್ಕದಲ್ಲಿ ತುಂಬಿದ ಎರಡು ಬಕೆಟ್. "ದೀದಿ, ಇಲ್ಲಿ ಎಷ್ಟು ನೀರು ಬೇಕಾದರೂ ಸುರಿಯಬಹುದು." ಕಾರಿನಿಂದ ಇಳಿಯಲಾಗಲಿಲ್ಲ. ನಾನು ಹೇಳಿದ್ದು ತಪ್ಪೆಂದು ಇವತ್ತಿಗೂ ಅನ್ನಿಸುವುದಿಲ್ಲ. ಮಗಳು ಮೇಲೆ ಮಲಗಿದ್ದಳು, ಇನ್ನೇನು ಮಾಡುತ್ತಿದ್ದೆ? ಆದರೂ ಕೇಳದೆ ಇರಲಾಗಲಿಲ್ಲ. ಆ ಗೋಡೆ ಏನಾಯಿತು ಎಂದು ಬರೆದೆ.

ಉತ್ತರ ತಕ್ಷಣ ಬಂತು. "ಹಾಗೇ ನಿಂತಿದೆ."