ಐದೂ ಇರ್ತಾವ

ನಮ್ಮ ವಠಾರದ ಗೇಟಿಗೆ ಸದಾ ಬೀಗ. ರೂಮಿಗೆ ಎರಡೇ ತಲೆ, ಎರಡೇ ಕೀಲಿ. ಇದು ಓನರ್ ಬೈಲಪ್ಪನವರ ಕಾನೂನು. ಮೂರನೆಯವರು ನೆಂಟರಾಗಿ ಬಂದರೆ ಮೂರು ದಿನ ಇರಬಹುದು, ನಾಲ್ಕನೇ ದಿನ ಬ್ಯಾಗು ಎತ್ತಬೇಕು. ಕೇಳಿದರೆ ಬೋರ್‌ವೆಲ್ಲಿನ ಕಡೆ ಕೈ ತೋರಿಸಿ ನೀರು ಸಾಲದು ಎನ್ನುತ್ತಾರೆ. ಹನ್ನೆರಡು ರೂಮುಗಳಲ್ಲಿ ಇರುವವರೆಲ್ಲ ಕೊಪ್ಪಳ, ರಾಯಚೂರು, ಕಲಬುರಗಿ ಕಡೆಯವರು. ಹನ್ನೊಂದು ರೂಮಿನವರು ಈ ಕಾನೂನಿಗೆ ತಲೆಯಾಡಿಸಿದವರು. ಅವರಲ್ಲಿ ನಾನೂ ಒಬ್ಬ, ಶರಣಬಸವ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಪೀಸು ಕತ್ತರಿಸುತ್ತಿದ್ದೇನೆ. ಗಿರಾಕಿಗಳ ಮುಂದೆ ನನ್ನ ನಾಲಗೆಗೆ ತಡೆಯೇ ಇಲ್ಲ. ಓನರ್ ಮುಂದೆ ಮಾತ್ರ ಅದು ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ತಮ್ಮ ಭೀಮು ಕೆಲಸ ಹುಡುಕಿಕೊಂಡು ಬಂದಿದ್ದಾಗ ನಾಲ್ಕನೇ ದಿನ ಅವನ ಬ್ಯಾಗನ್ನು ನಾನೇ ಬಸ್‌ಸ್ಟಾಪಿನ ತನಕ ಹೊತ್ತುಕೊಂಡು ಹೋಗಿ ಬಿಟ್ಟು ಬಂದೆ. ಅದನ್ನು ಮೊದಲು ಒಪ್ಪಿಕೊಳ್ಳದೆ ನಾಗರತ್ನಾಳ ಕಥೆ ಹೇಳಲು ನನಗೆ ನಾಚಿಕೆಯಾಗುತ್ತದೆ.

ನಾಗರತ್ನಾ ಹನ್ನೆರಡನೆಯ ರೂಮಿನವಳು. ಕೊಪ್ಪಳದ ಕಡೆಯವಳು, ಮೂವತ್ತಾರರ ಆಸುಪಾಸು. ತಾಯಿ ಅಮೃತಮ್ಮನ ಜೊತೆ ಇದ್ದಾಳೆ. ಒಂಬತ್ತು ವರ್ಷದಿಂದ ಶಿವಾಜಿನಗರದಲ್ಲಿ ಫಹೀಮ್ ಎಂಬವರ ಅಲಂಕಾರದ ಮೀನಿನ ಅಂಗಡಿಯಲ್ಲಿ ಕೆಲಸ. ಹಲಸೂರು, ಇಂದಿರಾನಗರದ ಮನೆಗಳಿಗೆ ಹೋಗಿ ಗಾಜಿನ ಟ್ಯಾಂಕುಗಳನ್ನು ತೊಳೆದು, ನೀರು ಬದಲಿಸಿ ಬರುತ್ತಾಳೆ. ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳು ಬಿರಿದಿವೆ. ವಠಾರದ ಹೆಂಗಸರು ಒಮ್ಮೆ ಅವಳನ್ನು ಮೀನು ತೊಳೆಯುವವಳು ಎಂದು ಆಡಿಕೊಂಡರು. "ಮೀನು ತೊಳೆಯೋರು ನೀವು, ಸಾರು ಮಾಡೋಕೆ. ನಾನು ಮೀನಿನ ಮನೆ ತೊಳೀತೀನಿ," ಎಂದಳು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಬೈಲಪ್ಪನವರದು ದೊಡ್ಡನೆಕ್ಕುಂದಿಯ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮ ವಠಾರವಿದೆ, ಅದರ ಮುಂದೆ ಅವರ ಮೂರಂತಸ್ತಿನ ಹೊಸ ಮನೆಯಿದೆ. ಕಳೆದ ಶ್ರಾವಣದಲ್ಲಿ ಅದರ ಗೃಹಪ್ರವೇಶ. ಮೇಲಿನ ಹಾಲ್‌ನಲ್ಲಿ ಆರಡಿ ಉದ್ದದ ಟ್ಯಾಂಕು ಇಡಿಸಿದರು. ನಾಗರತ್ನಾಳ ಮೂಲಕ ಫಹೀಮ್ ಅಂಗಡಿಯಿಂದಲೇ ಬಂತು. ಅದಕ್ಕೆ ಸಮುದ್ರದ ಮೀನು, ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ, ಕ್ಲೌನ್ ಫಿಶ್. ಈ ಜಾತಿ ಎರಡಕ್ಕಿಂತ ಹೆಚ್ಚು ಇಟ್ಟರೆ ಹೊಡೆದಾಡುತ್ತವೆ ಎಂದು ಫಹೀಮ್ ಮೊದಲೇ ಹೇಳಿದ್ದರು. ಬೈಲಪ್ಪನವರ ತಾಯಿ ಚಿಕ್ಕಮುನಿಯಮ್ಮ ಒಪ್ಪಬೇಕಲ್ಲ! ಐದು ಹಣ್ಣು, ಐದು ಜನ ಮುತ್ತೈದೆಯರು, ಐದು ಎಲೆ ಇಟ್ಟು ಹೊಕ್ಕ ಹೊಸ ಮನೆಗೆ ಜೀವ ಎರಡೇ ತರುವುದೇ? ಐದೇ ಬೇಕೆಂದು ಹಟ ಹಿಡಿದಳು. ಅಂಗಡಿಯಲ್ಲಿ ಅಂದು ಇದ್ದದ್ದು ಮೂರು. ಲೆಕ್ಕ ತುಂಬಿಸಲು ಇನ್ನೆರಡನ್ನು ಒಂದು ತಿಂಗಳು ಬಿಟ್ಟು, ಗೌರಿಹಬ್ಬ ಕಳೆದ ಮೇಲೆ ತಂದು ಬಿಟ್ಟರು.

ತಪ್ಪು ನಡೆದದ್ದು ಅಲ್ಲೇ. ಮೊದಲು ಬಂದ ಮೂರು ಅಷ್ಟರಲ್ಲಿ ಕಲ್ಲು, ಸಂದು, ಮೂಲೆ ಎಲ್ಲವನ್ನೂ ಹಂಚಿಕೊಂಡಿದ್ದವು. ಹೊಸ ಮರಿಗಳನ್ನು ಅಟ್ಟಿ ಅಟ್ಟಿ ಕಚ್ಚಿದವು. ತೀರಾ ಚಿಕ್ಕದು ನೀರಿನ ಮೇಲ್ತುದಿಯಲ್ಲಿ ಪೈಪಿನ ಹಿಂದೆ ಅವಿತುಕೊಂಡಿತು. ಬಾಲದ ಅಂಚು ಹರಿದಿತ್ತು.

ಸರಿಯಾಗಿ ಅದೇ ವಾರ ನಾಗರತ್ನಾಳ ತಂಗಿ ಸುಜಾತಾ ಗಂಡನ ಮನೆ ಬಿಟ್ಟು ಬಂದಳು. ಒಂದು ಬ್ಯಾಗು, ಎಡಗೈಗೆ ಬ್ಯಾಂಡೇಜು. ಏನಾಯಿತೆಂದು ಯಾರೂ ಕೇಳಲಿಲ್ಲ. ಬ್ಯಾಂಡೇಜು ನೋಡಿದ ಮೇಲೆ ಕೇಳುವುದೇನಿತ್ತು?

ನಾಲ್ಕನೇ ದಿನ ಬೆಳಿಗ್ಗೆ ನಾನು ಮೋಟಾರು ಕೆಟ್ಟಿದೆ ಎಂದು ಹೇಳಲು ಮೇಲೆ, ಓನರ್ ಮನೆಗೆ ಹೋಗಿದ್ದೆ. ನಾಗರತ್ನಾ ಟ್ಯಾಂಕಿನ ಮುಂದೆ ನಿಂತಿದ್ದಳು. ಬೈಲಪ್ಪನವರು ಫೋನಿನ ಸ್ಪೀಕರ್ ಹಾಕಿದ್ದರು. ಆ ಕಡೆಯಿಂದ ಫಹೀಮ್ ಮಾತು: "ಅಕ್ಕಾ, ನಾನ್ ಮೊದ್ಲೇ ಹೇಳಿದ್ದೆ ನಾ? ದೊಡ್ಡದು ಒಂದು, ಅದರ ಜೋಡಿ ಒಂದು. ಬಾಕಿದಕ್ಕೆ ಜಾಗ ಇಲ್ಲ. ಮೂರನ್ನ ಕವರಲ್ಲಿ ಹಾಕ್ಕೊಂಡು ವಾಪಸ್ ತಗೊಂಬಂದ್ಬಿಡಿ."

ಬೈಲಪ್ಪನವರು ಫೋನಿಟ್ಟರು. "ಕೇಳಿಸ್ತಲ್ಲಮ್ಮ? ಮೂರನ್ನ ಹಿಡ್ಕೊಂಡೋಗು. ಅಂಗೇ ನಿನ್ ತಂಗಿಗೂ ಯೋಳು, ಇವತ್ತಿಗೆ ನಾಕು ದಿನ ಆಯ್ತು. ಟ್ಯಾಂಕಿಗೂ ಎರಡೇ, ರೂಮಿಗೂ ಎರಡೇ."

ನಾಗರತ್ನಾ ಬೆಂಗಳೂರಿನಲ್ಲಿ ಬೆಂಗಳೂರಿನವರ ಹಾಗೆಯೇ ಮಾತಾಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ಊರಿನ ಮಾತು ಎದ್ದು ಬರುತ್ತದೆ. ಅಂದು ಬಂತು.

"ಐದೂ ಇರ್ತಾವ. ಒಂದೂ ಸಾಯಂಗಿಲ್ಲ."

"ಅಂಗಡಿಯೋನೇ ಆಗಲ್ಲ ಅಂತಾನೆ."

"ಅವ್ರು ಮಾರೋರು, ನಾನು ಸಾಕೋಳು. ಸಂಕ್ರಾಂತಿ ತನಕ ಟೈಮ್ ಕೊಡ್ರಿ. ಐದರಾಗ ಒಂದು ಸತ್ರೂ ನಾನು, ನಮ್ಮವ್ವ, ನನ್ ತಂಗಿ ಮೂರೂ ಮಂದಿ ರೂಮ್ ಖಾಲಿ ಮಾಡ್ತೀವಿ. ಐದೂ ಬದುಕಿದ್ರ ನನ್ ತಂಗಿ ಇಲ್ಲೇ ಇರ್ತಾಳ. ಈ ಶರಣಬಸವಣ್ಣ ಸಾಕ್ಷಿ."

ನನಗೆ ಮೋಟಾರಿನ ವಿಷಯ ಮರೆತೇಹೋಯಿತು. ಬೈಲಪ್ಪನವರಿಗೆ ನಗು ಬಂತೋ ಕೋಪ ಬಂತೋ ತಿಳಿಯಲಿಲ್ಲ. "ಆಗ್ಲಿ, ನೋಡೇ ಬಿಡಾನ. ಆದ್ರೆ ಅಲ್ಲೀತನಕ ಮೂರನೇ ಕೀಲಿ ಕೊಡಕಿಲ್ಲ," ಎಂದರು.

ಹಾಗೆ ಸುಜಾತಾ ಕೀಲಿಯಿಲ್ಲದೆ ಉಳಿದಳು. ಹತ್ತಿರದ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು. ಸಂಜೆ ಆರಕ್ಕೆ ಬಂದು ಊಟದ ಬ್ಯಾಗು ಹಿಡಿದು ಗೇಟಿನ ಹೊರಗೆ ನಿಲ್ಲುತ್ತಿದ್ದಳು. ಅಮೃತಮ್ಮನಿಗೆ ಮಂಡಿ ನೋವು, ಗೇಟಿನ ತನಕ ಬರಲಾರಳು. ನಮ್ಮಲ್ಲಿ ಯಾರಾದರೂ ಬಂದು ತೆಗೆದರೆ ಅವಳು ಒಳಗೆ. ಎಷ್ಟೋ ಸಂಜೆ ನಾನೇ ತೆಗೆದಿದ್ದೇನೆ. ಅವಳು "ಥ್ಯಾಂಕ್ಸ್ ಅಣ್ಣ" ಎನ್ನುವಾಗ ಭೀಮುವಿನ ಬ್ಯಾಗು ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ನಾಗರತ್ನಾ ಏನು ಮಾಡಿದಳೆಂಬುದನ್ನು ಶಿವಾಜಿನಗರದ ಬಸ್ಸಿನಲ್ಲಿ ಅವಳ ಬಾಯಿಂದಲೇ ಕೇಳಿದೆ. ಮೊದಲು ಐದನ್ನೂ ಹಿಡಿದು ಅದೇ ನೀರಿನ ಬಕೆಟ್ಟುಗಳಲ್ಲಿ ಬಿಟ್ಟಳು. ಟ್ಯಾಂಕಿನೊಳಗಿನ ಕಲ್ಲುಗಳನ್ನೆಲ್ಲ ಕಿತ್ತು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಜೋಡಿಸಿದಳು. ಆಮೇಲೆ ತೀರಾ ಚಿಕ್ಕವೆರಡನ್ನು ಮೊದಲು ಬಿಟ್ಟಳು, ಮರುದಿನ ಇನ್ನೆರಡು. ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ ತೂತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದೇ ನೀರಿನಲ್ಲಿ ಎಂಟು ದಿನ ತೇಲಿಬಿಟ್ಟಳು.

"ಇದನ್ನ ಯಾರು ಹೇಳ್ಕೊಟ್ರು?" ಎಂದೆ.

"ನಮ್ ವಠಾರಾನೇ ಹೇಳ್ಕೊಡ್ತು. ನೆನಪಿಲ್ವಾ ಅಣ್ಣ, ಮೊದಲನೇ ರೂಮಿನಾಕೆ ನಲ್ಲೀನ ತನ್ನ ತವರುಮನೆ ಆಸ್ತಿ ಥರ ಕಾಯ್ತಿದ್ಲು?"

ನೆನಪಿತ್ತು. ಹೊಸಬರ ಕೊಡ ಯಾವಾಗಲೂ ಕೊನೆಗೆ. ದಿನಾ ಜಗಳ, ಜುಟ್ಟು ಹಿಡಿಯುವುದೊಂದು ಬಾಕಿ. ಒಂದು ಬೇಸಿಗೆ ಬೈಲಪ್ಪನವರು ವಠಾರದ ಛಾವಣಿಯ ಶೀಟು ಬದಲಿಸಿದರು. ಎಲ್ಲರೂ ಎರಡು ದಿನ ಪಾತ್ರೆಪಗಡೆ ಸಮೇತ ಬೀದಿಯಲ್ಲಿದ್ದೆವು. ವಾಪಸ್ ಬರುವಾಗ ಯಾರಿಗೂ ಹಳೆಯ ರೂಮು ಸಿಗಲಿಲ್ಲ. ಮೊದಲನೇ ರೂಮಿನಾಕೆ ಎಂಟನೇ ರೂಮಿಗೆ ಬಂದಳು, ಅದೂ ಎಲ್ಲರಿಗಿಂತ ಕೊನೆಗೆ. ಒಂದು ನಲ್ಲಿ ಇದ್ದಲ್ಲಿ ನಾಲ್ಕಾದವು. ಜಗಳ ಅಂದಿಗೇ ಮುಗಿಯಿತು.

"ಯಾರು ಮೊದ್ಲು ಬಂದ್ರು ಅನ್ನೋದನ್ನ ಅಳಿಸ್ಬಿಟ್ರೆ ಅರ್ಧ ಜಗಳ ಹೋಯ್ತು. ತಿನ್ನೋಕೆ ನಾಕು ಕಡೆ ಇಟ್ರೆ ಇನ್ನರ್ಧ ಹೋಯ್ತು," ಎಂದಳು. ಹೇಳಿದ ಹಾಗೆಯೇ ಟ್ಯಾಂಕಿನ ನಾಲ್ಕೂ ಮೂಲೆಯಲ್ಲಿ, ದಿನಕ್ಕೆ ನಾಲ್ಕು ಸಲ, ಚಿಟಿಕೆ ಚಿಟಿಕೆ ಆಹಾರ. ಅವಳು ಕೆಲಸಕ್ಕೆ ಹೋದಾಗ ಆ ಜವಾಬ್ದಾರಿ ಚಿಕ್ಕಮುನಿಯಮ್ಮನದು. ಎಂಬತ್ತರ ಮುದುಕಿ ಸ್ಟೂಲು ಹಾಕಿಕೊಂಡು ಕೂತು ಕುಂಕುಮ ಇಡುವಷ್ಟು ನೇಮದಿಂದ ಮೀನಿಗೆ ಉಣಿಸಿದಳು. ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ, ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗಿ ಮನೆ ಆಳುತ್ತದೆ, ಅದು ಸತ್ತರೆ ಅದರ ಗಂಡನೇ ಹೆಣ್ಣಾಗುತ್ತಾನೆ ಎಂದು ನಾಗರತ್ನಾ ಹೇಳಿದಾಗ ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. "ಕೇಳುಸ್ಕೊಂಡ್ಯೇನ್ಲಾ ಬೈಲ?" ಎಂದು ಮಗನನ್ನು ಛೇಡಿಸಿ ಆ ದೊಡ್ಡ ಮೀನಿಗೆ ಯಜಮಾನಿ ಎಂದು ಹೆಸರಿಟ್ಟಳು.

ಕಾರ್ತಿಕದಲ್ಲಿ ಎಲ್ಲ ಕೈಮೀರುವಂತೆ ಕಂಡಿತು. ಟ್ಯಾಂಕಿನಲ್ಲಿ ಅನಿಮೋನ್ ಎಂಬ ಜೀವಿಯೊಂದಿತ್ತು. ಹೂವಿನಂತೆ ಮೆತ್ತನೆಯ ಬೆರಳು ಚಾಚಿಕೊಂಡಿರುತ್ತದೆ, ಈ ಮೀನುಗಳು ಅದರೊಳಗೇ ಮಲಗುತ್ತವೆ. ಯಜಮಾನಿ ಅದನ್ನು ಪೂರ್ತಿ ತನ್ನದು ಮಾಡಿಕೊಂಡು ಬೇರೆಯವನ್ನು ಹತ್ತಿರ ಬಿಡದಾಯಿತು. ಚಿಕ್ಕ ಮರಿ ಮತ್ತೆ ಪೈಪಿನ ಹಿಂದೆ ಸೇರಿ ಎರಡು ದಿನ ಉಪವಾಸ ಬಿತ್ತು. ಅಮೃತಮ್ಮ ಸದ್ದಿಲ್ಲದೆ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ನಾಗರತ್ನಾ ಅದನ್ನು ನೋಡಿ ಚೀಲವನ್ನು ತಲೆಕೆಳಗು ಮಾಡಿ ಪಾತ್ರೆಗಳನ್ನೆಲ್ಲ ನೆಲಕ್ಕೆ ಸುರಿದಳು. ಆ ಸದ್ದು ಹನ್ನೆರಡೂ ರೂಮಿಗೆ ಕೇಳಿಸಿತು.

ಅಂದೇ ಅಂಗಡಿಗೆ ಹೋಗಿ, ಅಲ್ಲಿ ನೋಡಲಿಕ್ಕೆಂದು ಇಟ್ಟಿದ್ದ ದೊಡ್ಡ ಅನಿಮೋನ್ ಕೇಳಿದಳಂತೆ. ಫಹೀಮ್ ತಲೆ ಚಚ್ಚಿಕೊಂಡರು. "ಅದು ನನ್ ಅಂಗಡಿ ಶೋ ಅಕ್ಕಾ!"

"ಭಾಯ್, ಒಂಬತ್ತು ವರ್ಷ ಆಯ್ತು. ನಿಮ್ಮ ಹತ್ರ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಅವರೇ ಅದನ್ನು ಡಬ್ಬಿಯಲ್ಲಿಟ್ಟು ಕೊಟ್ಟರು. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ನಾನು ಪಕ್ಕದಲ್ಲಿ ನಿಂತು ಜನ ಮೈಮೇಲೆ ಬೀಳದಂತೆ ತಡೆದೆ. ಈ ಕಥೆಯಲ್ಲಿ ಅಷ್ಟರತನಕ ನನ್ನ ಪೌರುಷ ಅಷ್ಟೇ. ಎರಡನೆಯ ಅನಿಮೋನ್ ಇನ್ನೊಂದು ತುದಿಯಲ್ಲಿ ನೆಲೆನಿಂತಿತು. ವಾರ ಕಳೆಯುವುದರೊಳಗೆ ಚಿಕ್ಕವು ಅದರೊಳಗೆ ಹೊಕ್ಕು ಮಲಗಿದವು.

ಬೈಲಪ್ಪನವರೂ ಬೆಳಿಗ್ಗೆ ಎದ್ದೊಡನೆ ಟ್ಯಾಂಕಿನ ಮುಂದೆ ನಿಲ್ಲತೊಡಗಿದರು. ಹಿಂದೆ ಕೊಟ್ಟಿಗೆಗೆ ಹೋಗಿ ದನ ಎಣಿಸುತ್ತಿದ್ದವರಲ್ಲವೇ? ಗಾಜಿಗೆ ಬೆರಳಿಟ್ಟು ಎಣಿಸುವುದು, ತಾಯಿ ನೋಡದಾಗ ಒಂದು ಚಿಟಿಕೆ ಆಹಾರ ಹಾಕುವುದು. ಮರಿ ಯಾಕೆ ಸಪ್ಪಗಿದೆ ಎಂದು ನಾಗರತ್ನಾಳಿಗೆ ಅವರೇ ಫೋನು ಮಾಡಿದ್ದೂ ಉಂಟು.

ಸಂಕ್ರಾಂತಿ ಬಂತು. ಅಜ್ಜಿ ಎಲ್ಲ ರೂಮಿಗೂ ಎಳ್ಳುಬೆಲ್ಲ ಕಳಿಸಿದಳು. ನಾಗರತ್ನಾ ನನ್ನನ್ನು ಎಳೆದುಕೊಂಡು ಮೇಲೆ ಹೋದಳು. ಟ್ಯಾಂಕಿನಲ್ಲಿ ಐದೂ ಇದ್ದವು. ಚಿಕ್ಕದರ ಬಾಲ ತುಂಬಿ ಬಂದಿತ್ತು.

"ಯಜಮಾನ್ರೇ, ಕೀಲಿ," ಎಂದಳು.

ಬೈಲಪ್ಪನವರು ಪಂಚೆ ಸರಿಮಾಡಿಕೊಂಡರು. "ನೋಡಮ್ಮ, ಮೀನಿಂದು ಬ್ಯಾರೆ, ಮನುಷ್ಯರದು ಬ್ಯಾರೆ. ನಿಂಗೊಂದು ಕೊಟ್ರೆ ನಾಳೆ ಹನ್ನೊಂದು ರೂಮಿನೋರೂ ಬಂದು ನಿಲ್ತಾರೆ. ನೀರಿಗೆ ಎಲ್ಲೋಗ್ಲಿ? ಎರಡು ಅಂದ್ರೆ ಎರಡೇ."

ಸಾಕ್ಷಿ ನಾನಿದ್ದೆ, ಬಾಯಿ ಬಿಡಲಿಲ್ಲ. ನಾಗರತ್ನಾ ಹೊರಗೆ ಹೋದಳು. ಸೋತಳು ಎಂದುಕೊಂಡೆ. ಎರಡು ನಿಮಿಷಕ್ಕೆ ಬಕೆಟ್ಟು, ಬಲೆ ಹಿಡಿದು ಬಂದಳು. ಟ್ಯಾಂಕಿನ ನೀರನ್ನೇ ಬಕೆಟ್ಟಿಗೆ ತುಂಬಿಸಿದಳು.

"ಯಾವ ಮೂರು ಹೇಳ್ರಿ."

"ಏನು?"

"ಎರಡು ಅಂದ್ರ ಎರಡ ಅಂದ್ರೆಲ್ಲ. ಮೂರು ಹಿಡದು ಅಂಗಡಿಗೆ ಕೊಟ್ಟು ಬರ್ತೀನಿ, ಆಮ್ಯಾಲ ನಾವೂ ಹೊಂಟೆವು. ಯಾವ ಮೂರು ಬ್ಯಾಡ, ಬೆರಳು ಮಾಡಿ ತೋರಸ್ರಿ."

ಅಜ್ಜಿ ಸ್ಟೂಲಿನ ಮೇಲೆ ಕೂತೇ ಮಗನ ಮುಖ ನೋಡಿದಳು. ಬೈಲಪ್ಪನವರಿಗೂ ಹಟ ಬಂತು. ಟ್ಯಾಂಕಿನ ಹತ್ತಿರ ಹೋಗಿ ಬೆರಳೆತ್ತಿದರು. ಬೆರಳು ಗಾಜು ಮುಟ್ಟಿದ್ದೇ ತಡ, ತಿನ್ನಲು ಬಂತೆಂದು ಯಜಮಾನಿ ಓಡಿಬಂದಳು, ಅವಳ ಹಿಂದೆ ಗಂಡ, ಆಮೇಲೆ ಉಳಿದ ಮೂರು. ಐದೂ ಆ ಒಂದು ಬೆರಳಿನ ಮುಂದೆ ಬಾಯಿ ತೆರೆದು ನಿಂತವು. ಬೈಲಪ್ಪನವರು ಬೆರಳನ್ನು ಈ ಕಡೆ ಸರಿಸಿದರೆ ಐದೂ ಈ ಕಡೆ, ಆ ಕಡೆ ಸರಿಸಿದರೆ ಐದೂ ಆ ಕಡೆ. ಕೊನೆಗೆ ಕೈ ಕೆಳಗಿಳಿಸಿದರು.

"ಬಕೆಟ್ ತಗೊಂಡೋಗಮ್ಮ," ಎಂದರು ಮೆಲ್ಲಗೆ. ಗೋಡೆಯ ಮೊಳೆಯಿಂದ ಒಂದು ಕೀಲಿ ತೆಗೆದು, ಅವಳ ಮುಖ ನೋಡದೆ ಕೈಚಾಚಿದರು.

ನಾಗರತ್ನಾ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬಕೆಟ್ಟು ಎತ್ತಿಕೊಂಡು ಬಾಗಿಲ ಕಡೆ ನಡೆದಳು. ನಾನೂ ಅವಳ ಹಿಂದೆ ಹೊರಡಬೇಕಿತ್ತು. ಹೊರಡಲಿಲ್ಲ.

"ಯಜಮಾನ್ರೇ, ನನ್ನ ರೂಮಿಗೂ ಒಂದು ಬೇಕು," ಎಂದೆ.

"ನಿಂಗ್ಯಾಕಯ್ಯಾ? ಇರೋದು ಗಂಡ ಹೆಂಡ್ತಿ ಇಬ್ರೇ ಅಲ್ವಾ?"

"ತಮ್ಮ ಇದಾನೆ. ಭೀಮು. ನಾಳೆ ಕರ್ಕೊಂಡ್ ಬರ್ತೀನಿ."

ಬೈಲಪ್ಪನವರು ನನ್ನನ್ನು ದುರುಗುಟ್ಟಿ ನೋಡಿದರು. ಬಾಗಿಲು ದಾಟಿದ್ದ ನಾಗರತ್ನಾ ವಾಪಸ್ ಬಂದು ಬಕೆಟ್ಟನ್ನು ಮತ್ತೆ ಟ್ಯಾಂಕಿನ ಮುಂದೆ ಇಟ್ಟು ಬಲೆ ಕೈಗೆತ್ತಿಕೊಂಡಳು.