ಮುಂದಿನ ಕಾರ್ಯಕ್ಕೆ ಜಮಾ

ಅಬ್ಬಿಗೆರೆಯಲ್ಲಿ ಶಾಮಿಯಾನ ಬೇಕೆಂದರೆ ಜನ ಬಾಲರಾಜನ ಹೆಸರು ಹೇಳುತ್ತಾರೆ. ಹೇಳಿ ಸುಮ್ಮನಾಗುವುದಿಲ್ಲ, ಅವನ ಬಾಯಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತಾರೆ. ಕೆಲಸ ಚೊಕ್ಕ, ಬಾಯಿ ಬೆಂಕಿ. ಕಂಬ ಒಂದು ಗೇಣು ವಾರೆಯಾಗಿ ನಿಂತರೆ ಕೆಲಸದವರ ಮೇಲೆ ಹರಿಹಾಯುತ್ತಾನೆ. ದೊಡ್ಡ ಪಾತ್ರೆಯ ತಳ ಸೀದು ವಾಪಸ್ ಬಂದರೆ ಮದುವೆ ಗಂಡಿನ ಅಪ್ಪನನ್ನೂ ಬಿಡುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೇರೆಯವರ ಗಾಡಿಯಲ್ಲಿ ಕುರ್ಚಿ ಹೊತ್ತವನು. ಈಗ ಐವತ್ತು ದಾಟಿದೆ, ಸ್ವಂತ ಗಾಡಿ ಇದೆ, ಸಿಟ್ಟು ಮಾತ್ರ ಹಾಗೆಯೇ ಇದೆ.

ಆದರೆ ಸಾವಿನ ಮನೆಯಲ್ಲಿ ಅವನು ಬೇರೆಯೇ ಮನುಷ್ಯ. ಸುದ್ದಿ ಬಂದ ತಕ್ಷಣ ಗಾಡಿ ಹೊರಡುತ್ತದೆ. ರೇಟು ಮಾತಾಡುವುದಿಲ್ಲ, ಅಡ್ವಾನ್ಸ್ ಕೇಳುವುದಿಲ್ಲ. ಸದ್ದು ಆಗಬಾರದೆಂದು ಸುತ್ತಿಗೆಗೆ ಗೋಣಿಚೀಲ ಸುತ್ತಿಸುತ್ತಾನೆ. ತಿಥಿಯ ಊಟ ಮುಗಿದು, ಪಾತ್ರೆಗಳೆಲ್ಲ ಗಾಡಿ ಹತ್ತಿದ ಮೇಲೆ ಮನೆಯವರು ಕರೆದು ಕೊಟ್ಟರೆ ತೆಗೆದುಕೊಳ್ಳುತ್ತಾನೆ. ಹೊರಡುವಾಗ ‘ಬರ್ತೀನಿ’ ಎನ್ನುವುದಿಲ್ಲ. ಸಾವಿನ ಮನೆಯಿಂದ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ ನಿಜ, ಆದರೆ ಶಾಮಿಯಾನದವನ ಬಾಯಲ್ಲಂತೂ ಆ ಮಾತು ಬರಲೇಬಾರದು. ಅವನು ಮತ್ತೆ ಬರುವುದೆಂದರೆ ಏನೆಂದು ಯಾರಿಗೆ ಗೊತ್ತಿಲ್ಲ?

ಹೋದ ವರ್ಷದಿಂದ ಲೆಕ್ಕವೆಲ್ಲ ಮಗಳು ಶಿಲ್ಪಳ ಕೈಯಲ್ಲಿದೆ. ಬಿಕಾಂ ಓದಿದ ಹುಡುಗಿ, ಫೋನಿಗೆ ಒಂದು ಆ್ಯಪ್ ಹಾಕಿಕೊಂಡಿದ್ದಾಳೆ. ಬಿಲ್ಲು, ಬಾಕಿ, ಬಂದ ದುಡ್ಡು ಎಲ್ಲ ಅದರಲ್ಲೇ. ಗಿರಾಕಿ ಬಿಲ್ಲಿಗಿಂತ ಹೆಚ್ಚು ಕೊಟ್ಟಿದ್ದರೆ ಆ ಹೆಚ್ಚಿನ ದುಡ್ಡು ಅವರ ಹೆಸರಿನ ಮುಂದೆ ಜಮಾ ಎಂದು ಹಸಿರು ಬಣ್ಣದಲ್ಲಿ ಕೂರುತ್ತದೆ. ಅದನ್ನು ವಾಪಸ್ ಕೊಟ್ಟು ರಿಫಂಡ್ ಎಂದು ಬರೆಯಬೇಕು, ಇಲ್ಲವೇ ಮುಂದಿನ ಬಿಲ್ಲಿಗೆ ಹಿಡಿದುಕೊಳ್ಳಬೇಕು. ಮೂರನೇ ದಾರಿ ಆ ಆ್ಯಪಿನಲ್ಲಿ ಇಲ್ಲ. ಬಾಲರಾಜ ಮೂರನೇ ದಾರಿ ಹುಡುಕಲು ಹೋದ.

ಆನಂದಪ್ಪನ ಹೆಂಡತಿ ಮುನಿನಾರಾಯಣಮ್ಮ ತೀರಿಕೊಂಡಾಗ ಶಾಮಿಯಾನ ಹಾಕಿದವನು ಬಾಲರಾಜನೇ. ಬೇರೆ ಯಾರು ಹಾಕಬೇಕು? ಅವನು ಸ್ವಂತಕ್ಕೆ ಅಂಗಡಿ ತೆರೆದಾಗ, ನಂಬಿ ಮೊದಲ ಆರ್ಡರ್ ಕೊಟ್ಟವನು ಆನಂದಪ್ಪ, ಅದೂ ತನ್ನ ಮಗಳ ಮದುವೆಗೆ. ಅಲ್ಲಿಂದ ಆ ಮನೆಯ ಒಳ್ಳೆಯದು ಕೆಟ್ಟದ್ದು ಎಲ್ಲಕ್ಕೂ ಇವನದೇ ಬಟ್ಟೆ, ಇವನದೇ ಪಾತ್ರೆ. ಶಾಮಿಯಾನದವರಿಗೆ ಪಂಕ್ತಿಯಲ್ಲಿ ಎಲೆ ಇರುವುದಿಲ್ಲ. ಎಲ್ಲರದೂ ಮುಗಿದ ಮೇಲೆ ಒಲೆಯ ಹಿಂದೆ ನಿಂತು ಉಳಿದದ್ದನ್ನು ತಿನ್ನುವುದು ರೂಢಿ. ಮುನಿನಾರಾಯಣಮ್ಮ ಮಾತ್ರ ಮೊದಲ ಪಂಕ್ತಿ ಏಳುವ ಮುಂಚೆಯೇ ಒಂದು ಎಲೆ ಹಿಡಿದು ಹಿಂದಕ್ಕೆ ಬರುತ್ತಿದ್ದಳು. ಮುದ್ದೆ ಬಿಸಿಯಾಗಿರುತ್ತಿತ್ತು. ಆರುತ್ತೆ ತಿನ್ನೋ, ಆಮೇಲೆ ಬೈಯುವಿಯಂತೆ ಎಂದು ಅವಳೇ ಇವನನ್ನು ಗದರುತ್ತಿದ್ದಳು.

ತಿಥಿಯ ದಿನ ಆನಂದಪ್ಪ ಬಿಲ್ಲಿನ ಹದಿನಾಲ್ಕು ಸಾವಿರವನ್ನು ಕೈಗೆ ಕೊಟ್ಟ. ಎಣಿಸದೆ ಜೇಬಿಗೆ ಹಾಕಿಕೊಂಡದ್ದಾಯಿತು. ಕೊನೆಯ ಮೇಜು ಗಾಡಿಗೆ ಏರಿಸುತ್ತಿದ್ದಾಗ ಜೇಬಿನಲ್ಲಿದ್ದ ಫೋನು ಸದ್ದು ಮಾಡಿತು. ಆನಂದಪ್ಪನ ಮಗ ವಿಜಯ್ ಕುಮಾರ್ ಅಷ್ಟೇ ದುಡ್ಡನ್ನು ಫೋನಿನಲ್ಲಿ ಕಳಿಸಿದ್ದ. ಅಪ್ಪ ಕೊಟ್ಟದ್ದು ಮಗನಿಗೆ ಗೊತ್ತಿಲ್ಲ, ಮಗ ಕೊಟ್ಟದ್ದು ಅಪ್ಪನಿಗೆ ಗೊತ್ತಿಲ್ಲ. ಆ ಗದ್ದಲದಲ್ಲಿ ಯಾರು ಯಾರನ್ನು ಕೇಳುತ್ತಾರೆ?

ಬಾಲರಾಜನಿಗೆ ಗೊತ್ತಾಯಿತು. ನಾಳೆ ಹೇಳಿದರಾಯಿತು ಅಂದುಕೊಂಡ. ಮಾರನೆಯ ದಿನ ಮದುವೆ ಸೀಸನ್ನಿಗೆ ಕುರ್ಚಿ ನೋಡಲು ಯಶವಂತಪುರಕ್ಕೆ ಹೋದವನು ಕೆಂಪು ಕುರ್ಚಿಗಳನ್ನು ಕಂಡ, ರೇಟು ಮಾತಾಡಿದ, ಕೈಯಲ್ಲಿದ್ದ ದುಡ್ಡು ಕೊಟ್ಟು ಗಾಡಿಗೆ ಹಾಕಿಸಿದ. ಅದರಲ್ಲಿ ಆನಂದಪ್ಪನ ಮನೆಯದೂ ಹೋಯಿತು.

ವಾರ ಕಳೆದ ಮೇಲೆ ಶಿಲ್ಪ ಕೇಳಿದಳು, ಆನಂದಪ್ಪನವರ ಮನೆಯಿಂದ ಎರಡು ಸಲ ಬಂದಿದೆಯಲ್ಲ, ವಾಪಸ್ ಕಳಿಸಲೇ ಎಂದು. ಅವನು ಒಮ್ಮೆಗೇ ಸಿಡಿದ.

“ಸಾವಿನ ಮನೆಗೆ ಯಾರಾದ್ರೂ ದುಡ್ಡು ಹಿಡ್ಕೊಂಡು ಹೋಗ್ತಾರೇನೇ? ನಮ್ ಕಸುಬಲ್ಲಿ ಅದೆಲ್ಲ ಇಲ್ಲ. ವರ್ಷ ಕಳೀಲಿ.”

“ಹಂಗಾದ್ರೆ ಮುಂದಿನ ಕಾರ್ಯಕ್ಕೆ ಜಮಾ ಅಂತ ಹಾಕ್ಬೇಕಾಗುತ್ತೆ ಅಪ್ಪ.”

“ಹಾಕು. ಏನಾದ್ರೂ ಹಾಕು. ತಲೆ ತಿನ್ಬೇಡ.”

ಹಾಗೊಂದು ಕಟ್ಟಳೆ ಯಾವ ಶಾಮಿಯಾನದವನಿಗೂ ಇಲ್ಲ. ಅವನು ಆ ಗಳಿಗೆಯಲ್ಲಿ ಹುಟ್ಟಿಸಿದ್ದು. ಸಾವಿನ ಮನೆಯ ಮರ್ಯಾದೆಯನ್ನು ಅಷ್ಟು ವರ್ಷ ಕಾದವನು, ಅದೇ ಮರ್ಯಾದೆಯನ್ನು ತನ್ನ ಕುರ್ಚಿಗಳ ಮೇಲೆ ಹೊದಿಸಿದ. ಹೆಂಡತಿ ಸರಳಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಅವತ್ತಿನಿಂದ ಆ ಕುರ್ಚಿಗಳನ್ನು ಎತ್ತುವಾಗಲೆಲ್ಲ ಅವನಿಗೆ ಸುಮ್ಮನೆ ಸಿಟ್ಟು ಬರುತ್ತಿತ್ತು. ಕೆಲಸದವರು ಬೈಸಿಕೊಂಡರು.

ತಿಂಗಳ ಒಂದನೇ ತಾರೀಖು ಆ ಆ್ಯಪ್ ಲೆಕ್ಕವಿರುವ ಗಿರಾಕಿಗಳಿಗೆಲ್ಲ ತಾನೇ ಮೆಸೇಜು ಕಳಿಸುತ್ತದೆ. ಅಂಗಡಿ ಯಾವುದೆಂದು ಅದಕ್ಕೆ ಗೊತ್ತಿಲ್ಲ. ಬಟ್ಟೆ ಅಂಗಡಿಗೂ ಅದೇ, ಬೇಕರಿಗೂ ಅದೇ. ಅವತ್ತು ಬೆಳಿಗ್ಗೆ ಆನಂದಪ್ಪ ಫೋನು ಮಾಡಿದ. ಹೋದ ವರ್ಷ ಎದೆಯ ಆಪರೇಷನ್ ಆದಾಗಿನಿಂದ ಅವನ ದನಿ ಮೆಲ್ಲಗಾಗಿತ್ತು.

“ಬಾಲ, ಮೆಸೇಜ್ ಬಂದದೆ ಕಣೋ. ಮುಂದಿನ ಕಾರ್ಯಕ್ಕೆ ಅಂತ ನನ್ ಎಸರಲ್ಲಿ ಅದಿನಾಲ್ಕು ಸಾವಿರ ಜಮಾ ಐತಂತೆ. ನಿಮ್ಮ ಸೇವೆಗೆ ಕಾಯ್ತಾ ಇದೀವಿ ಅಂತ ಬೇರೆ ಬರ್ದವ್ರೆ.” ಆನಂದಪ್ಪ ಸ್ವಲ್ಪ ನಕ್ಕ. “ಯಾರ್ ಕಾರ್ಯ ಅಂತ ಏಳಿಲ್ಲ. ನಂದೇ ಅಂತ ಮಾಡ್ಕೊಂಡಿವ್ನಿ.”

ಬಾಲರಾಜ ಫೋನು ಇಟ್ಟ. ಸಿಟ್ಟೆಲ್ಲ ಶಿಲ್ಪಳ ಮೇಲೆ ತಿರುಗಿತು. ನಿನ್ನ ಓದಿಗೆ ಬೆಂಕಿ ಹಾಕ, ಬದುಕಿರುವ ಮನುಷ್ಯನಿಗೆ ಸಾವಿನ ಅಡ್ವಾನ್ಸ್ ಹಿಡಿದೆಯಲ್ಲೇ ಎಂದು ಬೀದಿಗೆ ಕೇಳುವಂತೆ ಕೂಗಾಡಿದ. ಹುಡುಗಿ ಅಳುತ್ತಾ ನಿಂತಳು. ಸರಳಾ ಹೊರಗೆ ಬಂದು, ಎಣಿಸಿದ ದುಡ್ಡನ್ನು ಅವನ ಮುಂದೆ ಇಟ್ಟಳು.

“ಅವಳು ವಾಪಸ್ ಕಳ್ಸಲಾ ಅಂತ ಕೇಳಿದ್ಲು. ನೀವು ಬೇಡ ಅಂದ್ರಿ. ನಂಗೂ ಕಿವಿ ಇದೆ.”

ದುಡ್ಡು ಜೇಬಿಗಿಟ್ಟುಕೊಂಡು ಹೊರಟ. ನಾಲ್ಕು ಬೀದಿಯಾಚೆಗಿನ ಮನೆ, ಆದರೂ ನಡೆಯಲು ಆಗದೆ ಗಾಡಿ ತೆಗೆದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಪ್ಪು ಆ್ಯಪಿನದು, ತನಗೆ ಇಂಥದ್ದೆಲ್ಲ ತಿಳಿಯದು, ಓದಿದವನಲ್ಲ. ಎರಡು ಸಲ ಬಂದದ್ದು ಇವತ್ತೇ ಗೊತ್ತಾಯಿತು ಎಂದರೆ ಮುಗಿಯಿತು. ಈ ಮನೆ ತನ್ನನ್ನು ಕೈಬಿಟ್ಟರೆ ಊರಿನಲ್ಲಿ ಉಳಿದದ್ದು ಬರೀ ಗಿರಾಕಿಗಳು.

ಆನಂದಪ್ಪ ಜಗಲಿಯ ಮೇಲೆ ಕೂತಿದ್ದ. ವಿಜಯ್ ಕುಮಾರ್ ಇವನನ್ನು ಕಂಡು ಮುಖ ತಿರುಗಿಸಿ ಬಾಗಿಲಲ್ಲೇ ನಿಂತ. ಮೆಸೇಜು ಓದಿ ಹೇಳಿದವನು ಅವನೇ. ಅರ್ಧಕ್ಕೆ ನಿಲ್ಲಿಸಿದ್ದನಂತೆ, ಪೂರ್ತಿ ಓದು ಎಂದು ಅಪ್ಪನೇ ಓದಿಸಿದನಂತೆ.

ಬಾಲರಾಜ ದುಡ್ಡು ಮುಂದಿಟ್ಟು, ಜೋಡಿಸಿಕೊಂಡು ಬಂದ ಮಾತನ್ನು ಶುರು ಮಾಡಿದ. “ಅದು ತಾನೇ ಕಳಿಸ್ಬಿಡ್ತದೆ ಅಣ್ಣ. ನಮ್ ಕೈಲಿಲ್ಲ.”

“ಮೆಸೇಜು ಅದು ಕಳಿಸ್ತು, ಸರಿ. ದುಡ್ಡು ಎರಡು ಸಲ ಬಂದಿದ್ದು ನಿಂಗ್ಯಾವಾಗ ಗೊತ್ತಾತು?” ಎಂದ ಆನಂದಪ್ಪ.

ಇವತ್ತು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮನೆಯ ಪಕ್ಕದ ಸಂದು ಕಣ್ಣಿಗೆ ಬಿತ್ತು. ಒಲೆ ಹೂಡುತ್ತಿದ್ದ ಜಾಗ ಅದು, ಗೋಡೆ ಇನ್ನೂ ಮಸಿ. ಅಲ್ಲೇ ಎಲೆ ಹಿಡಿದು ಮುನಿನಾರಾಯಣಮ್ಮ ಬರುತ್ತಿದ್ದದ್ದು.

“ಅವತ್ತೇ ಅಣ್ಣ. ಗಾಡಿ ತುಂಬೋವಾಗ್ಲೇ. ಗೊತ್ತಿದ್ದೇ ಇಟ್ಕೊಂಡೆ. ಕುರ್ಚಿ ತಗೊಂಡೆ.”

ಆನಂದಪ್ಪ ಬೈದಿದ್ದರೆ ಹಗುರವಾಗುತ್ತಿತ್ತು, ಬೈಗುಳದ ವ್ಯವಹಾರ ಬಾಲರಾಜನಿಗೆ ಚೆನ್ನಾಗಿ ಗೊತ್ತು. ಆನಂದಪ್ಪ ಬೈಯಲಿಲ್ಲ. ದುಡ್ಡು ಎತ್ತಿ ಮಗನ ಕೈಗೆ ಕೊಟ್ಟ.

“ವರ್ಷದ ಕಾರ್ಯಕ್ಕೆ ಶಾಮಿಯಾನ ಬ್ಯಾರೆಯವರಿಗೆ ಏಳ್ತೀವಿ.”

ಬಾಲರಾಜನ ನೆತ್ತಿಗೆ ರಕ್ತ ಏರಿತು. ಈ ಅಂಗಳದಲ್ಲಿ ಬೇರೆಯವನು ಕಂಬ ನೆಡುವುದೇ? ಯಾವ ಯಾವ ಕಲ್ಲು ಎಲ್ಲಿದೆ ಎಂದು ಅವನಿಗೇನು ಗೊತ್ತು? ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

“ನೀನು ಊಟಕ್ಕೆ ಬಾ,” ಎಂದ ಆನಂದಪ್ಪ. “ಇಂದ್ಗಡೆಯಿಂದ ಅಲ್ಲ, ಮುಂದ್ಗಡೆಯಿಂದ. ಪಂಕ್ತೀಲಿ ಕುಂತ್ಕೊ. ಅದು ಅವಳು ಆಕಿರೋ ಎಲೆ, ತೆಗೆಯೋಕೆ ನಾನ್ಯಾರು?”

ಬಾಲರಾಜ ಹೊರಟ. ಸಾವಿನ ಮನೆಗಳಲ್ಲಿ ಇಷ್ಟು ವರ್ಷ ಆಡದೆ ಕಾದುಕೊಂಡು ಬಂದ ಮಾತನ್ನು ಈಗ ಆಡಬೇಕೋ ಬಾರದೋ ತಿಳಿಯದೆ ಮೆಟ್ಟಿಲ ಬಳಿ ನಿಂತ. ಆನಂದಪ್ಪ ಕಾಯುತ್ತಿದ್ದ.

“ಬರ್ತೀನಿ ಅಣ್ಣ,” ಎಂದ.

ಮನೆಗೆ ಬಂದು ಶಿಲ್ಪಳ ಪಕ್ಕ ಕೂತ. ಕ್ಷಮಿಸು ಎನ್ನುವ ಮಾತು ಅವನಿಗೆ ಬಾರದು. ವಾಪಸ್ ಕೊಟ್ಟದ್ದನ್ನು ಎಲ್ಲಿ ಬರೆಯಬೇಕು ತೋರಿಸು, ನಾನೇ ಬರೆಯುತ್ತೇನೆ ಎಂದ. ಅವಳು ತೋರಿಸಿದ ಕಡೆ ದಪ್ಪ ಬೆರಳಿನಿಂದ ಒಂದೊಂದಾಗಿ ಒತ್ತಿದ. ಆನಂದಪ್ಪನ ಹೆಸರಿನ ಮುಂದಿದ್ದ ಹಸಿರು ಹೋಯಿತು. ತಿಂಗಳ ಮೆಸೇಜನ್ನೂ ನಿಲ್ಲಿಸಲು ಹೇಳಿದ.

ಊರಿನ ಎಷ್ಟೋ ಪಂಕ್ತಿಗಳಿಗೆ ನೆರಳು ಕಟ್ಟಿದವನು, ಒಂದರಲ್ಲೂ ಕೂತವನಲ್ಲ. ವರ್ಷದ ಕಾರ್ಯ ಇನ್ನೂ ದೂರವಿದೆ. ಬೇರೆ ಯಾರದೋ ಬಟ್ಟೆಯ ಕೆಳಗೆ, ಬೇರೆ ಯಾರದೋ ಕುರ್ಚಿಯ ಮೇಲೆ, ಎಲ್ಲರ ಕಣ್ಣೆದುರು ಆ ಎಲೆಗೆ ಕೈ ಹಾಕುವುದು ಹೇಗೆಂದು ಅವನು ಈಗಿನಿಂದಲೇ ಹೆದರುತ್ತಾನೆ.