ಪರದೆಯೊಳಗಿನ ಅಳತೆ

ಆ ವಾರವೆಲ್ಲ ಅಳತೆಯಕ್ಕನಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಮಷೀನಿನ ಮುಂದೆ ಕೂತವಳು ಎದ್ದು ಕಿಟಕಿಗೆ ಹೋಗುತ್ತಿದ್ದಳು, ಹಿಂದಿರುಗಿ ಆಗಷ್ಟೇ ಹಾಕಿದ ಹೊಲಿಗೆಯನ್ನೇ ಬಿಚ್ಚುತ್ತಿದ್ದಳು. ಅಂಗಡಿಗಳಿಗೆ ಕಳಿಸಿದ ಬ್ರಾಗಳು ಮೂಟೆಮೂಟೆಯಾಗಿ ವಾಪಸು ಬರುತ್ತಿದ್ದವು. ಎಲ್ಲಕ್ಕೂ ಒಂದೇ ದೂರು: ಭುಜದ ಪಟ್ಟಿ ಜಾರುತ್ತದೆ, ಕಪ್ಪಿನ ಮೇಲಂಚು ಬಾಯಿ ಬಿಡುತ್ತದೆ.

"ಎಲಾಸ್ಟಿಕ್ಕಿನವನು ನಮ್ಮ ತಲೆ ಮೇಲೆ ಕಲ್ಲು ಹಾಕಿದ," ಎಂದು ಕಾರ್ಖಾನೆಯ ಯಜಮಾನಿ ಬೆಳಗಿನಿಂದ ಸಂಜೆಯವರೆಗೂ ಅದನ್ನೇ ಹಾಡುತ್ತಿದ್ದಳು.

ಕಾರ್ಖಾನೆ ಎಂದರೆ ಉದ್ದನೆಯದೊಂದು ಕೋಣೆ. ಮೂಲೆಯಲ್ಲಿ ಪರದೆ, ಪರದೆಯ ಹಿಂದೆ ನಿಲುವುಗನ್ನಡಿ. ಹೊಸ ಮಾದರಿ ಹೊಲಿದಾಗಲೆಲ್ಲ ಅಕ್ಕ ಒಳಗೆ ಹೋಗಿ ಅದನ್ನು ತೊಟ್ಟು ನೋಡಬೇಕು. ಕಟಿಂಗ್ ಮಾಸ್ತರು ಹೊರಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವಳು ಒಳಗಿನಿಂದ "ಕಂಕುಳ ಹತ್ರ ಕಚ್ಚತ್ತೆ", "ನಡುವೆ ಒಂದು ನೂಲಿನಷ್ಟು ಸಡಿಲ ಬಿಡಿ" ಎಂದು ಕೂಗಿದ ಹಾಗೆ ಅವರು ರಟ್ಟಿನ ಅಚ್ಚಿಗೆ ಗೀಟೆಳೆದು ಕತ್ತರಿಸುತ್ತಿದ್ದರು. ಅವಳು ಮದುವೆಯಾದ ಹೊಸತರಲ್ಲಿ ಶುರುವಾದ ಪದ್ಧತಿ ಇದು. ಮಾಸ್ತರು ಒಮ್ಮೆಯೂ ತಿರುಗಿ ನೋಡಿದವರಲ್ಲ. "ಅಕ್ಕನ ಮೈಗೆ ಕೂತ್ರೆ ಊರಿಗೆಲ್ಲ ಕೂತ ಹಾಗೆ" ಎಂಬ ಯಜಮಾನಿಯ ಮಾತಿನಿಂದಲೇ ಅವಳಿಗೆ ಅಳತೆಯಕ್ಕ ಎಂಬ ಹೆಸರು ಬಂದದ್ದು.

ಅಕ್ಕನ ತಾಯಿ ಬ್ರಾ ಕಂಡವಳಲ್ಲ. ಎದೆಗೆ ಬಟ್ಟೆ ಬಿಗಿದು ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದಳು. ಅಕ್ಕ ಕೆಲಸಕ್ಕೆ ಸೇರಿದಾಗ ಚೂಪು ಕಪ್ಪುಗಳ ದರ್ಬಾರು. ಗಟ್ಟಿ ಹತ್ತಿಬಟ್ಟೆಗೆ ಶಂಖದ ಸುರುಳಿಯಂತೆ ಸುತ್ತಲೂ ಹೊಲಿಗೆ. "ಅದನ್ನ ಹಾಕ್ಕೊಂಡು ಸಂತೆಗೆ ಹೋದ್ರೆ ದಾರಿ ತಾನಾಗೇ ಬಿಡೋದು," ಎಂದು ಅವಳು ನಗುತ್ತಿದ್ದಳು. ಆಮೇಲೆ ಮೂರು ತುಂಡಿನ ದುಂಡು ಕಪ್ ಬಂತು, ಕೆಳಗೆ ತಂತಿ ಬಂತು, ಒಳಗೆ ಸ್ಪಂಜು ಬಂತು. ಎಲ್ಲವೂ ಮೊದಲು ಅವಳ ಮೈ ದಾಟಿಯೇ ಅಂಗಡಿ ಸೇರಿದವು.

ಆ ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಅವಳ ಕೈಗೆ ಸೊಸೆಯ ಬ್ರಾ ಸಿಕ್ಕಿತು. ಹೊಲಿಗೆ ತಮ್ಮದಲ್ಲ. ಸೊಸೆಯೂ ಅದೇ ಕಾರ್ಖಾನೆಯಲ್ಲಿ ಹುಕ್ಕು ಹಾಕುವವಳು.

"ಏನೇ ಇದು? ನಮ್ಮಲ್ಲಿ ರಾಶಿ ಬಿದ್ದಿರೋವಾಗ ದುಡ್ಡು ಕೊಟ್ಟು ಬೇರೆಯವರದ್ದಾ?"

"ಬೈಬೇಡಿ ಅತ್ತೆ. ನಮ್ಮದು ನನಗೆ ಕೂರಲ್ಲ."

"ಎಲಾಸ್ಟಿಕ್ಕಾ?"

ಸೊಸೆ ಉಳಿದ ಬಟ್ಟೆ ಮಡಚತೊಡಗಿದಳು. ಅಕ್ಕ ಬಿಡಲಿಲ್ಲ. ಬಾಗಿಲು ಹಾಕಿ, ತಮ್ಮದೊಂದನ್ನು ತೊಡಿಸಿ ಪಟ್ಟಿ ಬಿಗಿದಳು. ಎಷ್ಟು ಬಿಗಿದರೂ ಕಪ್ಪಿನ ಮೇಲ್ಭಾಗ ಖಾಲಿ. ಅದರ ತುದಿ ಹುಡುಗಿಯ ಎದೆಗಿಂತ ಒಂದು ಬೆರಳು ಕೆಳಗೆ ಇಳಿದಿತ್ತು. ಅಕ್ಕ ಕನ್ನಡಿಯಲ್ಲಿ ಸೊಸೆಯನ್ನು ನೋಡಿದಳು, ಪಕ್ಕದಲ್ಲಿ ತನ್ನನ್ನು ನೋಡಿದಳು. ದೇವರು ಮೈಯನ್ನು ಒಂದೇ ಕಡೆ ನಿಲ್ಲಿಸಿಟ್ಟಿಲ್ಲ. ವಯಸ್ಸಿಗೆ ಮೈ ಇಳಿದಂತೆಲ್ಲ ಪ್ರತಿ ಹೊಸ ಮಾದರಿಗೂ "ಕೂದಲೆಳೆಯಷ್ಟು ಕೆಳಗೆ ಬರಲಿ" ಎಂದು ಕೂಗುತ್ತ ಬಂದವಳು ಅವಳೇ. ರಟ್ಟು ಅವಳ ಜೊತೆಗೇ ಮುಪ್ಪಾಗಿತ್ತು.

"ಯಜಮಾನಿಗೆ ಹೇಳೋಕೆ ಹೋಗ್ಬೇಡಿ ಅತ್ತೆ," ಎಂದಳು ಸೊಸೆ. "ಪರದೆ ಕೆಲಸ ಹೋದ್ರೆ ನಿಮಗೆ ಅಲ್ಲಿ ಏನಿದೆ?"

ನಿಜವೇ. ಕಣ್ಣು ಮಂಜಾಗಿ ಹೊಲಿಗೆ ನಿಧಾನವಾಗಿತ್ತು. ಹೇಳಿದರೆ ಜಾಗ ಹೋಗುತ್ತದೆ. ಹೇಳದಿದ್ದರೆ ಪಾಪದ ಎಲಾಸ್ಟಿಕ್ಕಿನವನ ಹೆಸರು ಕೆಡುತ್ತದೆ, ಇವತ್ತಲ್ಲ ನಾಳೆ ಕಾರ್ಖಾನೆಯೂ ಮುಚ್ಚುತ್ತದೆ.

ಮರುದಿನ ಬೇರೆ ಕಡೆಯ ಎಲಾಸ್ಟಿಕ್ ಹಾಕಿದ ಮಾದರಿ ಸಿದ್ಧವಾಯಿತು. ಅಕ್ಕ ಪರದೆಯೊಳಗೆ ಹೋಗಿ ತೊಟ್ಟಳು. ಅಳತೆ ಹಿಡಿದು ಎರಕ ಹೊಯ್ದಂತೆ ಕೂತಿತು.

"ಹೇಗಿದೆ ಅಕ್ಕ?" ಎಂದರು ಮಾಸ್ತರು.

ಅಕ್ಕ ಪಟ್ಟಿಯ ಮೇಲೆ ಬೆರಳಾಡಿಸಿದಳು. ಮಾಸ್ತರು ಕೆಮ್ಮಿದರು.

"ನನಗೆ ಸರಿಯಾಗಿದೆ ಮಾಸ್ತ್ರೇ. ಅದೇ ತೊಂದರೆ. ನನಗೆ ವಯಸ್ಸಾಯ್ತು, ನಿಮ್ಮ ರಟ್ಟಿಗೂ ಆಯ್ತು. ಎಲಾಸ್ಟಿಕ್ಕಿನವನದ್ದೇನೂ ತಪ್ಪಿಲ್ಲ."

ಮಷೀನುಗಳು ಒಂದೊಂದಾಗಿ ನಿಂತವು. ಮಾಸ್ತರು ಗೋಡೆಯನ್ನೇ ನೋಡುತ್ತ ಹೇಳಿದರು: "ನಾನೇನು ಕಂಡೆ ತಾಯಿ? ನಿಮ್ಮ ದನಿ ಇನ್ನೂ ಹಾಗೇ ಇದೆಯಲ್ಲ!"

ಯಜಮಾನಿ ವಾಪಸು ಬಂದ ಮೂಟೆಗಳ ಕಡೆ ನೋಡಿದಳು. ಕೊನೆಗೆ, "ಪರದೆ ಹಿಂದೆ ನಿಮ್ಮ ಸೊಸೆ ನಿಲ್ಲಲಿ. ನೀವು ಹುಕ್ಕಿನ ಮೇಜಿಗೆ ಹೋಗಿ ಅಕ್ಕ, ಎಷ್ಟು ದಿನ ಆಗತ್ತೋ ನೋಡೋಣ," ಎಂದಳು.

ಅಕ್ಕ ಹುಕ್ಕಿನ ಬುಟ್ಟಿಯ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲಾಗಲಿಲ್ಲ, ತೂತು ಕಾಣುತ್ತಿರಲಿಲ್ಲ. ಸೊಸೆ ಹೋಗಿ ನಿಂತಿದ್ದ ಪರದೆಯ ಕಡೆಗೇ ಕಿವಿ.

"ಹೇಗಿದೆಯಮ್ಮ?" ಎಂದರು ಮಾಸ್ತರು.

"ಸರಿ ಇದೆ."

"ಕಂಕುಳ ಹತ್ರ?"

"ಸರಿ."

"ಪಟ್ಟಿ?"

"ಅದೂ ಸರಿ."

"ಎಲ್ಲಾ ಸರಿ ಅಂದ್ರೆ ನಾನು ಏನು ಕತ್ತರಿಸಲಿ, ನನ್ನ ಮೂಗನ್ನಾ?"

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಅಕ್ಕ ಸೂಜಿ ಬಿಸಾಕಿ ಎದ್ದು, ಪರದೆಯ ಪಕ್ಕ ಮಾಸ್ತರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಳು.

"ಕೈ ಮೇಲೆತ್ತು. ಬಸ್ಸಲ್ಲಿ ಕಂಬಿ ಹಿಡಿದ ಹಾಗೆ. ಈಗ ಬಗ್ಗು, ಕೊಡ ಎತ್ತು. ಅತ್ತೆ ಮುಂದೆ ನಾಚಿಕೆ, ಮಾಸ್ತರ ಮುಂದೆ ನಾಚಿಕೆ. ಬಟ್ಟೆ ಮೇಲಾದ್ರೂ ಸಿಟ್ಟು ಮಾಡ್ಕೋ!"

ಒಳಗೆ ಬಟ್ಟೆಯ ಸರಬರ ಕೇಳಿಸಿತು.

"ಎಡಗಡೆ ಚುಚ್ಚತ್ತೆ ಅತ್ತೆ."

"ಕಂಕುಳಲ್ಲೋ, ಕೆಳಗೋ?"

"ಕೆಳಗೆ. ಬಗ್ಗಿದ್ರೆ ಮಾತ್ರ."

"ತಂತಿ ಉದ್ದ ಮಾಸ್ತ್ರೇ. ಕೇಳಿಸ್ತಾ?"

ಮಾಸ್ತರ ಸೀಮೆಸುಣ್ಣ ಓಡಿತು. ಯಜಮಾನಿ ಅಕ್ಕನನ್ನು ನೋಡಿದಳು. ಹುಕ್ಕಿನ ಬುಟ್ಟಿಯನ್ನು ಎತ್ತಿ ಪಕ್ಕದವಳ ಮುಂದೆ ಇಟ್ಟಳು.

"ಮಾಸ್ತರು ಗೀಟೆಳೀಲಿ, ತಡಿ," ಎಂದಳು ಅಕ್ಕ ಪರದೆಗೆ. "ಹೂಂ, ಈಗ ಇನ್ನೊಂದ್ಸಲ ಬಗ್ಗು."